ಕೆಲಸ ಹೋದ ಮೇಲೆ ಹುಡುಕುವ ಕಾಗದ, ಕೆಲಸದಲ್ಲಿರುವಾಗಲೇ ಕೂಡಿಡಿ: ಇಎಸ್‌ಐ ಕಾರ್ಮಿಕರಿಗೆ ಬಹಿರಂಗ ಪತ್ರ

ಗಾರ್ಮೆಂಟ್ಸ್ ಟೈಲರ್, ಹೆಲ್ಪರ್‌ಗಳಿಗೆ, ಕಂಟ್ರಾಕ್ಟ್ ಮೇಲೆ ದುಡಿಯುವ ಹೌಸ್‌ಕೀಪಿಂಗ್ ಮತ್ತು ಸೆಕ್ಯುರಿಟಿಯವರಿಗೆ, ಪೀಣ್ಯ, ಬೊಮ್ಮಸಂದ್ರದ ಸಣ್ಣ ವರ್ಕ್‌ಶಾಪುಗಳ ಆಪರೇಟರ್‌ಗಳಿಗೆ.

ಪ್ರತಿ: ಕಾರ್ಖಾನೆಗಳ ಎಚ್‌ಆರ್ ವಿಭಾಗದವರಿಗೆ ಮತ್ತು ಇಎಸ್‌ಐ ನಡೆಸುವ ಕಾರ್ಮಿಕರ ರಾಜ್ಯ ವಿಮಾ ನಿಗಮದ ಅಧಿಕಾರಿಗಳಿಗೆ.

ನಮಸ್ಕಾರ.

ನಿಮ್ಮ ಸಂಬಳದಲ್ಲಿ ಪ್ರತಿ ತಿಂಗಳು ಇಎಸ್‌ಐ ಎಂದು ಮುರಿಯುವುದು ನೂರು ರೂಪಾಯಿಗೆ 75 ಪೈಸೆ. ಮಾಲೀಕರು ತಮ್ಮ ಕಡೆಯಿಂದ ನೂರಕ್ಕೆ 3 ರೂಪಾಯಿ 25 ಪೈಸೆ ಸೇರಿಸಿ ಕಟ್ಟಬೇಕು. 2019ರ ಜುಲೈನಿಂದ ಇದೇ ದರ. ಈ ಹಣ ಡಿಸ್ಪೆನ್ಸರಿಗೆ, ಆಸ್ಪತ್ರೆಗೆ, ಹೆರಿಗೆ ಭತ್ಯೆಗೆ ಎಂದು ಎಲ್ಲರಿಗೂ ಗೊತ್ತು. ಕೆಲಸ ಹೋದರೆ 90 ದಿನಗಳವರೆಗೆ ಅರ್ಧ ಸಂಬಳದ ಲೆಕ್ಕದಲ್ಲಿ ನಗದು ಪರಿಹಾರವೂ ಇದೇ ವಿಮೆಯಲ್ಲಿದೆ ಎಂಬುದು ಬಹಳ ಜನರಿಗೆ ಗೊತ್ತಿಲ್ಲ. ಅದರ ಹೆಸರು ಅಟಲ್ ಬೀಮಿತ ವ್ಯಕ್ತಿ ಕಲ್ಯಾಣ ಯೋಜನೆ. 2018ರ ಜುಲೈ 1ರಂದು ಪ್ರಾಯೋಗಿಕವಾಗಿ ಶುರುವಾದಾಗ ಸರಾಸರಿ ದಿನಗೂಲಿಯ ಶೇ. 25 ಕೊಡುತ್ತಿದ್ದರು. ಕೋವಿಡ್ ಬಂದ ಮೇಲೆ, 2020ರ ಮಾರ್ಚ್ 24ರಿಂದ ಅನ್ವಯವಾಗುವಂತೆ ಅದನ್ನು ಶೇ. 50ಕ್ಕೆ ಏರಿಸಿದರು. ಅಲ್ಲಿಂದೀಚೆಗೆ ಅವಧಿ ಮುಗಿಯುತ್ತ ಬಂದಾಗಲೆಲ್ಲ ವಿಸ್ತರಿಸುತ್ತ ಬಂದಿದ್ದಾರೆ. ಹಾಗಾಗಿ ಅರ್ಜಿ ಹಾಕುವ ಮೊದಲು ಯೋಜನೆ ಚಾಲ್ತಿಯಲ್ಲಿದೆಯೇ ಎಂದು ಶಾಖಾ ಕಚೇರಿಯಲ್ಲಿ ಒಂದು ಮಾತು ಕೇಳಿಕೊಳ್ಳಿ.

ಇದನ್ನು ಯುವನಿಧಿಯ ಜೊತೆ ಗಂಟು ಹಾಕಬೇಡಿ. ಯುವನಿಧಿ ರಾಜ್ಯ ಸರ್ಕಾರದ್ದು, ಹೊಸದಾಗಿ ಪದವಿ ಅಥವಾ ಡಿಪ್ಲೊಮಾ ಮುಗಿಸಿ ಕೆಲಸ ಸಿಗದವರಿಗೆ ತಿಂಗಳಿಗೆ 3,000 ಅಥವಾ 1,500 ರೂಪಾಯಿ. ಹತ್ತು ವರ್ಷ ಮಷಿನ್ ತುಳಿದು ಕೆಲಸ ಕಳೆದುಕೊಂಡವರಿಗೆ ಅದರಲ್ಲಿ ಏನೂ ಇಲ್ಲ.

ಈ ಪತ್ರ ಬರೆಯಲು ಕಾರಣ ಒಂದೇ. ಪರಿಹಾರ ಸಿಗುವುದೋ ಇಲ್ಲವೋ ಎಂಬುದು ನಿಮ್ಮ ಮನೆಯ ಕಷ್ಟ ನೋಡಿ ತೀರ್ಮಾನವಾಗುವುದಿಲ್ಲ. ಮಾಲೀಕರ ಕಡೆಯವರು ಪ್ರತಿ ತಿಂಗಳು ನಿಗಮದ ಪೋರ್ಟಲ್‌ಗೆ ಏರಿಸುವ ಎಕ್ಸೆಲ್ ಹಾಳೆಯಲ್ಲಿ ನಿಮ್ಮ ಹೆಸರಿನ ಮುಂದೆ ಏನು ಬರೆದಿದೆ ಎಂಬುದನ್ನು ನೋಡಿ ತೀರ್ಮಾನವಾಗುತ್ತದೆ. ಅದು ತಪ್ಪಾಗಿದ್ದರೆ ತಪ್ಪು ಎಂದು ತೋರಿಸಲು ನಿಮ್ಮ ಕೈಯಲ್ಲಿ ಕಾಗದ ಇರಬೇಕು. ಆ ಕಾಗದಗಳು ಕೆಲಸ ಹೋದ ಮೇಲೆ ಸಿಗುವುದಿಲ್ಲ, ಗೇಟಿನೊಳಗೆ ಬಿಡುವುದೇ ಇಲ್ಲವಲ್ಲ.

ಆ ಹಾಳೆಯನ್ನೇ ಮೊದಲು ನೋಡೋಣ. ಒಬ್ಬ ಕಾರ್ಮಿಕರಿಗೆ ಒಂದು ಸಾಲು, ಸಾಲಿನಲ್ಲಿ ಆರು ಅಂಕಣ. ಮೊದಲನೆಯದು ನಿಮ್ಮ 10 ಅಂಕಿಯ ವಿಮಾ ಸಂಖ್ಯೆ, ಅಂದರೆ ಐಪಿ ನಂಬರ್. ಎರಡನೆಯದು ಹೆಸರು. ಮೂರನೆಯದು ಆ ತಿಂಗಳು ಎಷ್ಟು ದಿನಕ್ಕೆ ಸಂಬಳ ಕೊಟ್ಟಿದ್ದಾರೆ ಅಥವಾ ಕೊಡಬೇಕಿದೆ ಎಂಬುದು. ನಾಲ್ಕನೆಯದು ತಿಂಗಳ ಒಟ್ಟು ಸಂಬಳ. ಐದನೆಯದು, ಇಡೀ ತಿಂಗಳು ಒಂದು ದಿನವೂ ಸಂಬಳ ಇಲ್ಲದಿದ್ದರೆ ಅದಕ್ಕೆ ಕಾರಣದ ಸಂಖ್ಯೆ. ಆರನೆಯದು ಕೊನೆಯ ಕೆಲಸದ ದಿನ. ಮುಂದಿನ ತಿಂಗಳ 15ರೊಳಗೆ ಇದನ್ನು ಏರಿಸಿ ಹಣ ಕಟ್ಟಬೇಕು.

ಇದರಲ್ಲಿ ಮೂರನೆಯ ಮತ್ತು ಐದನೆಯ ಅಂಕಣಗಳೇ ನಿಮ್ಮ ಅರ್ಜಿಯನ್ನು ಉಳಿಸುವುದು ಅಥವಾ ಕೆಡಿಸುವುದು.

ಕಾರಣದ ಸಂಖ್ಯೆ ತೆಗೆದುಕೊಳ್ಳಿ. 1 ಎಂದರೆ ರಜೆಯಲ್ಲಿದ್ದಾರೆ. 2 ಎಂದರೆ ಕೆಲಸ ಬಿಟ್ಟಿದ್ದಾರೆ. 3 ನಿವೃತ್ತಿ. 8 ಕೆಲಸ ಸ್ಥಗಿತ. 9 ಮುಷ್ಕರ ಅಥವಾ ಲಾಕೌಟ್. 10 ರಿಟ್ರೆಂಚ್‌ಮೆಂಟ್, ಅಂದರೆ ಆಳು ಹೆಚ್ಚಾದರು ಎಂದು ತೆಗೆದದ್ದು. 11 ಎಂದರೆ ಕೆಲಸ ಇರಲಿಲ್ಲ. ಏನೂ ಕಾರಣ ಹೇಳದಿದ್ದರೆ 0. ಆರ್ಡರ್ ಇಲ್ಲ ಎಂದು ಒಂದು ಲೈನನ್ನೇ ಮನೆಗೆ ಕಳಿಸಿದಾಗ 10 ಹಾಕಬೇಕು. ಆದರೆ 10 ಎಂದು ಬರೆದರೆ ನೋಟಿಸ್ ಕೊಟ್ಟಿದ್ದೀರಾ, ವರ್ಷಕ್ಕೆ 15 ದಿನದ ಸಂಬಳದ ಲೆಕ್ಕದಲ್ಲಿ ಪರಿಹಾರ ಕೊಟ್ಟಿದ್ದೀರಾ ಎಂಬ ಪ್ರಶ್ನೆಗಳು ಹಿಂದೆಯೇ ಬರುತ್ತವೆ. 2 ಎಂದು ಬರೆದುಬಿಟ್ಟರೆ ಯಾರೂ ಏನೂ ಕೇಳುವುದಿಲ್ಲ. ಅಕೌಂಟ್ಸ್‌ನ ಹುಡುಗ ಎಲ್ಲರಿಗೂ ಸಾಲಾಗಿ 2 ಎಳೆದುಬಿಡುವುದೂ ಉಂಟು, ಅವನಿಗೆ ಅದು ಬರೀ ಒಂದು ಅಂಕಿ. ಯೋಜನೆಯ ನಿಯಮದಲ್ಲಾದರೋ ತಾನಾಗಿ ಕೆಲಸ ತೊರೆದವರಿಗೆ ಪರಿಹಾರ ಇಲ್ಲ. ನಿಮ್ಮನ್ನು ತೆಗೆದದ್ದು ಅವರು, ದಾಖಲೆಯಲ್ಲಿ ಬಿಟ್ಟು ಹೋದವರು ನೀವು.

0 ಅಥವಾ 1 ಹಾಕಿದರೆ ತೊಂದರೆ ಬೇರೆ ಥರ. ಲೆಕ್ಕದಲ್ಲಿ ನೀವಿನ್ನೂ ಅದೇ ಕಾರ್ಖಾನೆಯವರು, ರಜೆ ಹಾಕಿದ್ದೀರಿ ಅಷ್ಟೇ. ನೀವು ಅರ್ಜಿಯಲ್ಲಿ ಬರೆಯುವ ಕೆಲಸ ಹೋದ ದಿನಕ್ಕೂ ಅವರ ದಾಖಲೆಗೂ ತಾಳೆಯಾಗುವುದಿಲ್ಲ. ಇನ್ನೊಂದು ಸೂಕ್ಷ್ಮ ಇದೆ. ಕಾರಣದ ಸಂಖ್ಯೆ ಬರುವುದು ಒಂದು ದಿನವೂ ಸಂಬಳ ಇಲ್ಲದ ತಿಂಗಳಿಗೆ ಮಾತ್ರ. ಜನವರಿ 20ಕ್ಕೆ ನಿಮ್ಮನ್ನು ತೆಗೆದರೆ ಜನವರಿಯ ಸಾಲಿನಲ್ಲಿ ದಿನಗಳು ಇರುತ್ತವೆ. ಕಾರಣ ಕಾಣುವುದು ಫೆಬ್ರವರಿಯ ಸಾಲಿನಲ್ಲಿ, ಅದನ್ನು ಏರಿಸಲು ಮಾರ್ಚ್ 15ರವರೆಗೆ ಕಾಲಾವಕಾಶ. ನೀವು ಅರ್ಜಿ ಹಾಕಲು ಕೂತಾಗ ಆ ಸಾಲು ಇನ್ನೂ ಬಂದೇ ಇಲ್ಲದಿರಬಹುದು. ಆಗ ನಿಮ್ಮ ಫೈಲಿನಲ್ಲಿ ಇರುವುದೇ ಸಾಕ್ಷಿ.

ಇನ್ನು ದಿನಗಳ ಅಂಕಣ. ನೀವು ಮತ್ತು ಮಾಲೀಕರು ಸೇರಿ ಕಟ್ಟುವ ಹಣಕ್ಕೆ ವಂತಿಗೆ ಎನ್ನುತ್ತಾರೆ. ಇಎಸ್‌ಐಗೆ ವರ್ಷವೆಂದರೆ ಎರಡು ವಂತಿಗೆ ಅವಧಿ: ಏಪ್ರಿಲ್‌ನಿಂದ ಸೆಪ್ಟೆಂಬರ್, ಅಕ್ಟೋಬರ್‌ನಿಂದ ಮಾರ್ಚ್. ಪರಿಹಾರಕ್ಕೆ ಅರ್ಹರಾಗಲು ಕೆಲಸ ಹೋಗುವುದಕ್ಕೆ ಮುಂಚೆ ಕನಿಷ್ಠ ಎರಡು ವರ್ಷ ವಿಮೆಗೆ ಒಳಪಟ್ಟ ಕೆಲಸದಲ್ಲಿರಬೇಕು. ಅದರ ಜೊತೆಗೆ, ಕೆಲಸ ಹೋಗುವ ಮುಂಚಿನ ವಂತಿಗೆ ಅವಧಿಯಲ್ಲಿ 78 ದಿನ, ಅದರ ಹಿಂದಿನ ಮೂರು ಅವಧಿಗಳಲ್ಲಿ ಯಾವುದಾದರೂ ಒಂದರಲ್ಲಿ ಮತ್ತೆ 78 ದಿನ ವಂತಿಗೆ ಇರಬೇಕು. 2026ರ ಜನವರಿಯಲ್ಲಿ ಕೆಲಸ ಹೋಯಿತು ಎನ್ನಿ. ಮೊದಲ 78 ದಿನ ನೋಡುವುದು 2025ರ ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ. ಎರಡನೆಯದಕ್ಕೆ 2023ರ ಅಕ್ಟೋಬರ್‌ನಿಂದ 2025ರ ಮಾರ್ಚ್‌ವರೆಗಿನ ಮೂರು ಅವಧಿಗಳಲ್ಲಿ ಒಂದು ಸಿಕ್ಕರೆ ಸಾಕು.

78 ಕಷ್ಟದ ಸಂಖ್ಯೆಯಲ್ಲ. ತಿಂಗಳಿಗೆ 26 ದಿನದಂತೆ ಮೂರು ತಿಂಗಳು. ಆದರೆ ಎಷ್ಟೋ ಕಡೆ 26 ದಿನ ದುಡಿಸಿ 20 ದಿನ ಏರಿಸುತ್ತಾರೆ, ವಂತಿಗೆ ಉಳಿಯಲಿ ಎಂದು. ಆಗ ಮೂರು ತಿಂಗಳಿಗೆ 60, ನಾಲ್ಕು ತಿಂಗಳಾದರೆ 80. ಆರು ತಿಂಗಳಲ್ಲಿ ಊರ ಜಾತ್ರೆ, ಮದುವೆ, ಮಗುವಿನ ಕಾಯಿಲೆ ಎಂದು ಎರಡೂವರೆ ತಿಂಗಳು ಕೆಲಸಕ್ಕೆ ಹೋಗದೇ ಇದ್ದವರು ಈ ಕಡಿತದಿಂದಲೇ 78ಕ್ಕೆ ಮುಟ್ಟದೆ ಹೋಗುತ್ತಾರೆ. ನೆನಪಿಡಿ, ಏರಿಸಬೇಕಾದದ್ದು ಸಂಬಳ ಕೊಟ್ಟ ದಿನ, ಮಷಿನ್ ಮುಂದೆ ಕೂತ ದಿನ ಮಾತ್ರ ಅಲ್ಲ. ಸಂಬಳ ಸಹಿತ ರಜೆ, ಸಂಬಳ ಸಹಿತ ಹಬ್ಬದ ರಜೆ ಎಲ್ಲ ಅದರಲ್ಲಿ ಸೇರುತ್ತವೆ.

ಹಣದ ಲೆಕ್ಕವೂ ಇದೇ ಸಾಲುಗಳಿಂದ ಬರುತ್ತದೆ. ಹಿಂದಿನ ನಾಲ್ಕು ವಂತಿಗೆ ಅವಧಿಗಳಲ್ಲಿ ದಾಖಲಾದ ಒಟ್ಟು ಸಂಬಳವನ್ನು 730ರಿಂದ ಭಾಗಿಸುತ್ತಾರೆ. ಬಂದದ್ದು ಸರಾಸರಿ ದಿನದ ಗಳಿಕೆ. ಅದರ ಅರ್ಧ ನಿಮ್ಮ ದಿನದ ಪರಿಹಾರ. ತಿಂಗಳಿಗೆ 18,000 ಸಂಬಳ, 24 ತಿಂಗಳೂ ಸರಿಯಾಗಿ ಏರಿಸಿದ್ದಾರೆ ಎನ್ನಿ: ಒಟ್ಟು 4,32,000, ದಿನಕ್ಕೆ 591 ರೂಪಾಯಿ 78 ಪೈಸೆ, ಅರ್ಧ 295 ರೂಪಾಯಿ 89 ಪೈಸೆ, 90 ದಿನಕ್ಕೆ ಸುಮಾರು 26,630 ರೂಪಾಯಿ. ಅದೇ 24 ತಿಂಗಳಲ್ಲಿ ಆರು ತಿಂಗಳ ಸಾಲು ಖಾಲಿ ಇದ್ದರೂ ಭಾಗಿಸುವುದು 730ರಿಂದಲೇ. ಆಗ 90 ದಿನಕ್ಕೆ ಸಿಗುವುದು ಸುಮಾರು 19,973. ಮಾಲೀಕರು ಏರಿಸದೆ ಬಿಟ್ಟ ಆರು ಸಾಲಿಗೆ ನಿಮ್ಮ ಜೇಬಿನಿಂದ 6,657 ರೂಪಾಯಿ ಹೋಯಿತು.

ಇಲ್ಲಿ ನಿಯಮದ ಒಂದು ಮಾತು ನಿಮ್ಮ ಪರವಾಗಿದೆ, ಅದನ್ನು ಬಾಯಿಪಾಠ ಮಾಡಿಕೊಳ್ಳಿ. ವಂತಿಗೆಯನ್ನು ಮಾಲೀಕರು ಕಟ್ಟಿರಬೇಕು ಅಥವಾ ಕಟ್ಟಬೇಕಾಗಿರಬೇಕು ಎಂದು ಯೋಜನೆ ಹೇಳುತ್ತದೆ. ಕಟ್ಟಬೇಕಾಗಿದ್ದೂ ಕಟ್ಟದಿದ್ದರೆ ಅದು ನಿಗಮ ಮತ್ತು ಮಾಲೀಕರ ನಡುವಿನ ವಸೂಲಿಯ ವಿಷಯ. ಆದರೆ ನೀವು ಆ ತಿಂಗಳು ದುಡಿದಿದ್ದೀರಿ ಎಂದು ತೋರಿಸುವ ಹೊಣೆ ಕೊನೆಗೆ ನಿಮ್ಮ ತಲೆಗೇ ಬರುತ್ತದೆ.

ಹಾಗಾದರೆ ಏನೇನು ಕೂಡಿಡಬೇಕು?

ಒಂದು ಪ್ಲಾಸ್ಟಿಕ್ ಫೈಲು, ಒಂದು ನೂರು ಪುಟದ ನೋಟ್ ಬುಕ್ಕು ಸಾಕು. ಫೈಲಿನಲ್ಲಿ ಮೊದಲು ನೇಮಕಾತಿ ಪತ್ರ. 2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳ ಪ್ರಕಾರ ನೇಮಕಾತಿ ಪತ್ರ ಕೊಡುವುದು ಕಡ್ಡಾಯ, ಕೇಳಿ ಪಡೆಯಿರಿ. ಕೊಡದಿದ್ದರೆ ಐಡಿ ಕಾರ್ಡಿನ ಎರಡೂ ಬದಿಯ ಜೆರಾಕ್ಸ್ ಈಗಲೇ ಮಾಡಿಸಿ, ಏಕೆಂದರೆ ಕೆಲಸದಿಂದ ತೆಗೆಯುವ ದಿನ ಸೆಕ್ಯುರಿಟಿಯವರು ಮೊದಲು ಕಿತ್ತುಕೊಳ್ಳುವುದೇ ಅದನ್ನು. ಆಮೇಲೆ ತಿಂಗಳ ಸಂಬಳ ಚೀಟಿಗಳು. ಮೊಬೈಲಿಗೆ ಬರುವುದಾದರೆ ಫೋನಿನಲ್ಲೇ ಬಿಡಬೇಡಿ, ಫೋನ್ ಹಾಳಾದರೆ ಎಲ್ಲ ಹೋಯಿತು. ನಿಮ್ಮ ಈಮೇಲ್‌ಗೆ ನೀವೇ ಕಳಿಸಿಕೊಳ್ಳಿ. ತೆಳು ನುಣುಪು ಕಾಗದದ ಮೇಲೆ ಬರುವ ಮುದ್ರಣ, ಅಂದರೆ ಎಟಿಎಂ ಚೀಟಿ, ಹಾಜರಿ ಯಂತ್ರದ ಚೀಟಿ, ಕೆಲವು ತಿಂಗಳಲ್ಲೇ ಮಾಸಿ ಬಿಳಿ ಕಾಗದವಾಗುತ್ತದೆ. ಅದನ್ನು ಬಂದ ದಿನವೇ ಜೆರಾಕ್ಸ್ ಮಾಡಿಸಬೇಕು.

ಸಂಬಳ ಬ್ಯಾಂಕಿಗೆ ಬರುವವರು ಮೂರು ತಿಂಗಳಿಗೊಮ್ಮೆ ಪಾಸ್‌ಬುಕ್ ಎಂಟ್ರಿ ಹಾಕಿಸಿ. ತುಂಬ ದಿನ ಬಿಟ್ಟರೆ ಕೆಲವು ಬ್ಯಾಂಕುಗಳಲ್ಲಿ ಎಲ್ಲ ವ್ಯವಹಾರವನ್ನೂ ಒಟ್ಟುಗೂಡಿಸಿ ಒಂದೇ ಸಾಲು ಮುದ್ರಿಸುತ್ತಾರೆ, ಆಗ ಯಾವ ತಿಂಗಳ ಸಂಬಳ ಎಷ್ಟು ಎಂದು ಯಾರಿಗೂ ಹೇಳಲಾಗದು. ಕೈಗೆ ನಗದು ಕೊಡುವ ಕಡೆ ಇರುವವರಿಗೆ ನೋಟ್ ಬುಕ್ಕೇ ಗತಿ.

ನೋಟ್ ಬುಕ್ಕಿನಲ್ಲಿ ತಿಂಗಳಿಗೊಂದು ಪುಟ. ಮೇಲೆ ತಿಂಗಳು, ಕಾರ್ಖಾನೆ ಮತ್ತು ಕಂಟ್ರಾಕ್ಟರ್ ಹೆಸರು. ಕೆಳಗೆ ದಿನಾಂಕ, ಶಿಫ್ಟ್, ಓಟಿ ಗಂಟೆ. ರಜೆ ಹಾಕಿದ ದಿನ ಸಂಬಳ ಸಹಿತವೋ ರಹಿತವೋ ಎಂದು ಬರೆಯಿರಿ. ತಿಂಗಳ ಕೊನೆಗೆ ಒಟ್ಟು ದಿನ, ಕೈಗೆ ಬಂದ ಹಣ, ಬಂದ ದಿನಾಂಕ. ಅಂದಂದಿನದು ಅಂದೇ ಬರೆಯಬೇಕು. ಎರಡು ವರ್ಷದ್ದನ್ನು ಒಂದೇ ರಾತ್ರಿ ಒಂದೇ ಪೆನ್ನಿನಲ್ಲಿ ಬರೆದ ಪುಸ್ತಕ ನೋಡಿದರೆ ಯಾವ ಅಧಿಕಾರಿಗೂ ಗೊತ್ತಾಗುತ್ತದೆ, ಅಂಥದ್ದಕ್ಕೆ ಕಿಮ್ಮತ್ತಿಲ್ಲ.

ವಾಟ್ಸಾಪ್ ಈಗ ಅರ್ಧ ಕಾರ್ಖಾನೆಗಳ ನೋಟಿಸ್ ಬೋರ್ಡು. ‘ನಾಳೆಯಿಂದ ಬರೋದು ಬೇಡ, ಫೋನ್ ಮಾಡ್ತೀವಿ’ ಎಂದು ಸೂಪರ್‌ವೈಸರ್ ಹಾಕಿದ ಒಂದು ಮೆಸೇಜು ನಿಮ್ಮ ಬಲವಾದ ದಾಖಲೆ. ಅದನ್ನು ಕಳಿಸಿದವರ ನಂಬರ್, ದಿನಾಂಕ, ಸಮಯ ಮೂರೂ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದು ಪ್ರಿಂಟ್ ಹಾಕಿಸಿ. ಹೆಸರು ಮಾತ್ರ ಕಂಡರೆ ಸಾಲದು, ‘ಲೈನ್ ಮಂಜಣ್ಣ’ ಎಂದು ನೀವು ಯಾರ ನಂಬರಿಗೆ ಬೇಕಾದರೂ ಹೆಸರಿಟ್ಟುಕೊಳ್ಳಬಹುದು. ಗ್ರೂಪಿನಿಂದ ನಿಮ್ಮನ್ನು ತೆಗೆದುಹಾಕುವ ಮೊದಲೇ ಈ ಕೆಲಸ ಆಗಬೇಕು, ಆಮೇಲಾದರೂ ಮೂಲ ಮೆಸೇಜನ್ನು ಅಳಿಸಬೇಡಿ.

ಇವೆಲ್ಲಕ್ಕಿಂತ ಮುಖ್ಯವಾದದ್ದು ವರ್ಷಕ್ಕೆರಡು ಸಲ ಇಎಸ್‌ಐ ಪೋರ್ಟಲ್‌ನಲ್ಲಿ ನಿಮ್ಮ ವಂತಿಗೆ ವಿವರ ನೋಡುವುದು. ಸೆಪ್ಟೆಂಬರ್ ತಿಂಗಳ ವಂತಿಗೆಗೆ ಗಡುವು ಅಕ್ಟೋಬರ್ 15, ಮಾರ್ಚ್ ತಿಂಗಳದಕ್ಕೆ ಏಪ್ರಿಲ್ 15. ಆದ್ದರಿಂದ ಅಕ್ಟೋಬರ್ 20 ಮತ್ತು ಏಪ್ರಿಲ್ 20 ಒಳ್ಳೆಯ ದಿನಗಳು. ಐಪಿ ಲಾಗಿನ್‌ನಲ್ಲಾಗಲಿ, ಉಮಂಗ್ ಆ್ಯಪ್‌ನಲ್ಲಾಗಲಿ ನೋಡಿ. ಆರು ತಿಂಗಳ ದಿನಗಳನ್ನು ಕೂಡಿ, ನೋಟ್ ಬುಕ್ಕಿನ ದಿನಗಳ ಪಕ್ಕ ಬರೆದು, ಆ ಪುಟವನ್ನು ಪ್ರಿಂಟ್ ತೆಗೆದು ಫೈಲಿಗೆ ಹಾಕಿ. ವ್ಯತ್ಯಾಸ ಕಂಡರೆ ಕೆಲಸದಲ್ಲಿರುವಾಗಲೇ ಎಚ್‌ಆರ್‌ಗೆ ಒಂದು ಸಾಲು ಬರೆದು ಕೇಳಿ. ಎರಡು ವರ್ಷ ಕಳೆದು ಕೇಳಿದರೆ ಉತ್ತರ ಕೊಡಲು ಆ ಎಚ್‌ಆರ್ ಅಲ್ಲಿ ಇರುವುದಿಲ್ಲ.

ಅದೇ ಪುಟದಲ್ಲಿ ಇನ್ನೂ ಮೂರು ವಿಷಯ ನೋಡಿ: ಮೊಬೈಲ್ ನಂಬರ್, ಆಧಾರ್, ಬ್ಯಾಂಕ್ ಖಾತೆ. ಸೇರುವಾಗ ನಿಮ್ಮ ಬಳಿ ಫೋನ್ ಇರಲಿಲ್ಲವೆಂದು ಸೂಪರ್‌ವೈಸರ್ ನಂಬರೋ, ಕಂಟ್ರಾಕ್ಟರ್ ಆಫೀಸಿನ ನಂಬರೋ ಹಾಕಿರುವುದು ತೀರಾ ಸಾಮಾನ್ಯ. ಆಗ ಓಟಿಪಿ ಹೋಗುವುದು ನಿಮ್ಮನ್ನು ತೆಗೆದುಹಾಕಿದವರ ಫೋನಿಗೆ! ಆಧಾರ್ ಮತ್ತು ಬ್ಯಾಂಕ್ ಖಾತೆ ನಿಮ್ಮ ವಿಮಾ ದಾಖಲೆಗೆ ಜೋಡಣೆಯಾಗಿರಲೇಬೇಕು ಎಂಬುದು ಯೋಜನೆಯ ಷರತ್ತು. ನಮ್ಮ ಹೆಸರುಗಳ ಇನಿಷಿಯಲ್ ಇಲ್ಲಿ ಕಾಟ ಕೊಡುತ್ತದೆ. ಆಧಾರ್‌ನಲ್ಲಿ ಮಂಜುಳಾ, ಇಎಸ್‌ಐನಲ್ಲಿ ಮಂಜುಳಾ ಕೆ., ಬ್ಯಾಂಕಿನಲ್ಲಿ ಕೆ. ಮಂಜುಳಮ್ಮ ಎಂದಿದ್ದರೆ ಮೂವರು ಬೇರೆ ಬೇರೆ ಹೆಂಗಸರಂತೆ ಕಾಣುತ್ತದೆ. ಆಧಾರ್‌ನಲ್ಲಿ ಇರುವಂತೆಯೇ ಉಳಿದೆರಡನ್ನೂ ಮಾಡಿಸಿಕೊಳ್ಳುವುದು ಸುಲಭದ ದಾರಿ.

ಬ್ಯಾಂಕ್ ವಿಷಯದಲ್ಲಿ ಕರ್ನಾಟಕದವರಿಗೇ ಒಂದು ವಿಶೇಷ ತೊಡಕಿದೆ. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರಲ್ಲಿ ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾದೊಳಗೆ ಹೋಯಿತು. ವಿಜಯಾ ಬ್ಯಾಂಕ್ 2019ರಲ್ಲಿ ಬ್ಯಾಂಕ್ ಆಫ್ ಬರೋಡಾಕ್ಕೆ, ಸಿಂಡಿಕೇಟ್ ಬ್ಯಾಂಕ್ 2020ರಲ್ಲಿ ಕೆನರಾಕ್ಕೆ, ಕಾರ್ಪೊರೇಷನ್ ಬ್ಯಾಂಕ್ ಅದೇ ವರ್ಷ ಯೂನಿಯನ್ ಬ್ಯಾಂಕಿಗೆ ಸೇರಿದವು. ಹಳೆಯ ಐಎಫ್‌ಎಸ್‌ಸಿ ಕೋಡ್‌ಗಳು ಈಗ ನಡೆಯುವುದಿಲ್ಲ. ಮನೆಯಲ್ಲಿರುವ ಸಿಂಡಿಕೇಟ್ ಬ್ಯಾಂಕಿನ ಹಳೇ ಪಾಸ್‌ಬುಕ್ ನೋಡಿ ಅರ್ಜಿ ತುಂಬಿದರೆ ಮಂಜೂರಾದ ಹಣವೂ ವಾಪಸು ಹೋಗುತ್ತದೆ. ಎರಡು ವರ್ಷ ವ್ಯವಹಾರವಿಲ್ಲದ ಜನಧನ್ ಖಾತೆ ನಿಷ್ಕ್ರಿಯವಾಗಿರುತ್ತದೆ, ಅದನ್ನು ಮೊದಲು ಚಾಲೂ ಮಾಡಿಸಿ.

ಕಂಟ್ರಾಕ್ಟ್‌ನವರಿಗೆ ಇನ್ನೊಂದು ಎಚ್ಚರಿಕೆ. ಅದೇ ಕಟ್ಟಡ, ಅದೇ ಪೊರಕೆ, ಆದರೆ ಕಂಟ್ರಾಕ್ಟರ್ ಬದಲಾದಾಗ ಹೊಸಬರು ಹಳೆಯ ಐಪಿ ನಂಬರ್ ಕೇಳದೆ ಹೊಸದು ಮಾಡಿಸಿಬಿಡುತ್ತಾರೆ. ನಿಮ್ಮ ಎರಡು ವರ್ಷ ಎರಡು ನಂಬರುಗಳಲ್ಲಿ ಹರಿದುಹೋಗುತ್ತದೆ, ಎರಡರಲ್ಲೂ ಷರತ್ತು ಪೂರೈಸುವುದಿಲ್ಲ. ಐಪಿ ನಂಬರ್ ಜೀವನಕ್ಕೆ ಒಂದೇ. ಕೆಲಸಕ್ಕೆ ಸೇರುವ ದಿನವೇ ಹಳೆಯ ನಂಬರನ್ನು ಬರೆದುಕೊಡಿ. ಈಗಾಗಲೇ ಎರಡಾಗಿದ್ದರೆ, ಕೆಲಸ ಹೋಗುವವರೆಗೆ ಕಾಯದೆ, ಎರಡೂ ಕಾರ್ಡುಗಳ ಪ್ರತಿ ಮತ್ತು ಆಧಾರ್ ಇಟ್ಟು ಒಂದುಗೂಡಿಸುವಂತೆ ಶಾಖಾ ಕಚೇರಿಗೆ ಅರ್ಜಿ ಕೊಡಿ.

ತೆಗೆಯುವ ದಿನದ ಮಾತು. ಆ ದಿನ ನಿಮ್ಮ ಮುಂದೆ ಒಂದು ಅಚ್ಚಾದ ಹಾಳೆ ಇಡುತ್ತಾರೆ. ‘ಸ್ವಂತ ಕಾರಣದಿಂದ ಕೆಲಸ ಬಿಡುತ್ತಿದ್ದೇನೆ’ ಎಂದು ಇಂಗ್ಲಿಷ್‌ನಲ್ಲಿ ಇರುತ್ತದೆ, ಕೆಳಗೆ ರುಜು ಹಾಕಿದರೆ ಸೆಟಲ್‌ಮೆಂಟ್ ಎನ್ನುತ್ತಾರೆ. ಅದು ರಿಸೈನ್ ಲೆಟರ್. ಹಾಕಿದರೆ ಈ ಪರಿಹಾರದ ಕಥೆ ಬಹುತೇಕ ಅಲ್ಲಿಗೆ ಮುಗಿಯಿತು. ಬಾಕಿ ಸಂಬಳ ಪಡೆಯಲು ರಾಜೀನಾಮೆ ಬೇಕಿಲ್ಲ. ತೆಗೆದರೂ, ಬಿಟ್ಟರೂ, ಎರಡು ಕೆಲಸದ ದಿನಗಳೊಳಗೆ ಸಂಬಳ ಚುಕ್ತಾ ಮಾಡಬೇಕೆಂದು ವೇತನ ಸಂಹಿತೆಯೇ ಹೇಳುತ್ತದೆ. ‘ಓದಿ ನಾಳೆ ಕೊಡ್ತೀನಿ ಸಾರ್’ ಎಂದು ಹಾಳೆಯ ಫೋಟೋ ತೆಗೆದುಕೊಂಡು ಹೊರಡಿ. ಹಾಕಲೇಬೇಕಾದ ಒತ್ತಡ ಬಂದರೆ ರುಜುವಿನ ಪಕ್ಕ ಕನ್ನಡದಲ್ಲೇ ‘ಕೆಲಸ ಇಲ್ಲವೆಂದು ಹೇಳಿ ಸಹಿ ಪಡೆದಿದ್ದಾರೆ’ ಎಂದು ಬರೆದು ದಿನಾಂಕ ಹಾಕಿ.

ಮರುದಿನವೇ ಒಂದು ಪತ್ರ ಹೋಗಲಿ. ಉದ್ದ ಬೇಡ, ಬೈಗುಳ ಬೇಡ:

‘ನಾನು ನಿಮ್ಮ ಕಾರ್ಖಾನೆಯ ಹೊಲಿಗೆ ವಿಭಾಗದಲ್ಲಿ (ಸೇರಿದ ದಿನಾಂಕ) ಇಂದ ಕೆಲಸ ಮಾಡುತ್ತಿದ್ದೆ. ನನ್ನ ಟೋಕನ್ ಸಂಖ್ಯೆ ಇಷ್ಟು, ಇಎಸ್‌ಐ ಸಂಖ್ಯೆ ಇಷ್ಟು. (ದಿನಾಂಕ) ರಂದು ಕೆಲಸವಿಲ್ಲವೆಂದು ಹೇಳಿ ನಾಳೆಯಿಂದ ಬರಬೇಡಿ ಎಂದು ತಿಳಿಸಿದಿರಿ. ನಾನು ರಾಜೀನಾಮೆ ಕೊಟ್ಟಿಲ್ಲ, ಕೆಲಸಕ್ಕೆ ಬರಲು ಸಿದ್ಧಳಿದ್ದೇನೆ. ಕೆಲಸದಿಂದ ತೆಗೆದ ಬಗ್ಗೆ ಲಿಖಿತ ಆದೇಶ ಕೊಡಬೇಕು. ಇಎಸ್‌ಐ ದಾಖಲೆಯಲ್ಲಿ ನನ್ನ ಕೊನೆಯ ಕೆಲಸದ ದಿನವನ್ನು ಮತ್ತು ನಿಜವಾದ ಕಾರಣವನ್ನು ನಮೂದಿಸಬೇಕು.’

ಇದನ್ನು ಕೈಯಲ್ಲಿ ಕೊಟ್ಟರೆ ತೆಗೆದುಕೊಳ್ಳುವುದಿಲ್ಲ, ತೆಗೆದುಕೊಂಡರೂ ಸೀಲು ಹಾಕಿಕೊಡುವುದಿಲ್ಲ. ಅಂಚೆಯಲ್ಲಿ ಕಳಿಸಿ. 2025ರಲ್ಲಿ ರಿಜಿಸ್ಟರ್ಡ್ ಪೋಸ್ಟ್ ಸ್ಪೀಡ್ ಪೋಸ್ಟಿನಲ್ಲಿ ವಿಲೀನವಾಗಿದೆ, ಹಾಗಾಗಿ ಸ್ಪೀಡ್ ಪೋಸ್ಟ್ ಮಾಡಿಸಿ ರಸೀದಿ ಇಟ್ಟುಕೊಳ್ಳಿ. ವಾರದೊಳಗೆ ಅದರ ನಂಬರ್ ಹಾಕಿ ತಲುಪಿದ ವಿವರ ತೆಗೆದು ಪತ್ರದ ಪ್ರತಿಗೆ ಲಗತ್ತಿಸಿ. ಲಕೋಟೆ ‘ನಿರಾಕರಿಸಲಾಗಿದೆ’ ಎಂದು ವಾಪಸು ಬಂದರೆ ಒಡೆಯಬೇಡಿ, ಹಾಗೆಯೇ ಇಡಿ.

ಅರ್ಜಿ ಹಾಕುವುದು ಕೆಲಸ ಹೋಗಿ 30 ದಿನ ಕಳೆದ ಮೇಲೆ. ಕೆಲಸ ಹೋದ ದಿನದಿಂದ ಒಂದು ವರ್ಷ ದಾಟಬಾರದು. ನಿಗಮದ ವೆಬ್‌ಸೈಟಿನಲ್ಲಿ ಐಪಿ ಲಾಗಿನ್ ಆಗಿ ಯೋಜನೆಯ ಕ್ಲೇಮ್ ತೆರೆದು, ಕೊನೆಯ ಮಾಲೀಕರು, ಕೆಲಸ ಹೋದ ದಿನ, ಯಾವ ದಿನದಿಂದ ಯಾವ ದಿನದವರೆಗೆ ಪರಿಹಾರ ಎಂದು ತುಂಬಿ, ಆಧಾರ್ ಮತ್ತು ಬ್ಯಾಂಕ್ ವಿವರದ ಸ್ಕ್ಯಾನ್ ಪ್ರತಿ ಏರಿಸಬೇಕು. ಮೊದಲಿದ್ದ ಅಫಿಡವಿಟ್, ಮಾಲೀಕರ ಮೂಲಕವೇ ಹೋಗಬೇಕೆಂಬ ನಿಯಮ ಎರಡೂ 2020ರಲ್ಲಿ ಹೋದವು. ಆದ್ದರಿಂದ ಹಳೇ ಕಂಪನಿಯ ಸಹಿ ತನ್ನಿ, ನೋಟರಿ ಮಾಡಿಸಿ ಎಂದು ಯಾರಾದರೂ ಹೇಳಿದರೆ ಯಾವ ಸುತ್ತೋಲೆ ಎಂದು ಕೇಳಿ. ಆನ್‌ಲೈನ್‌ನಲ್ಲಿ ದಾಖಲೆ ಏರಿಸಲು ಆಗದಿದ್ದರೆ ಅರ್ಜಿಯ ಪ್ರಿಂಟಿಗೆ ಸಹಿ ಹಾಕಿ, ದಾಖಲೆಗಳ ಜೊತೆ ಶಾಖಾ ಕಚೇರಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ.

ಮುಂದಿನ ದಿನಗಳಿಗೆ ಮುಂಗಡವಾಗಿ ಕ್ಲೇಮ್ ಮಾಡುವಂತಿಲ್ಲ. ಕಳೆದ ದಿನಗಳಿಗೆ ಮಾತ್ರ. ಒಂದು ತಿಂಗಳಿಗಿಂತ ಕಡಿಮೆ ಅವಧಿಗೂ ಇಲ್ಲ. ನಡುವೆ ಬೇರೆ ಕೆಲಸ ಸಿಕ್ಕರೆ ಸೇರಿದ ದಿನದ ಹಿಂದಿನ ದಿನದವರೆಗೆ ಮಾತ್ರ ಬರೆಯಿರಿ. ಹೊಸ ಮಾಲೀಕರು ಅದೇ ಐಪಿ ನಂಬರಿಗೆ ವಂತಿಗೆ ಏರಿಸಿದ ಕೂಡಲೇ ಪರಿಹಾರದ ದಿನಗಳೂ ಹೊಸ ಕೆಲಸದ ದಿನಗಳೂ ಒಂದರ ಮೇಲೊಂದು ಬಂದು ಕಾಣುತ್ತವೆ. ಸುಳ್ಳು ಹೇಳಿಕೆಗೆ ಶಿಕ್ಷೆಯಾದವರು ಈ ಸೌಲಭ್ಯವನ್ನೇ ಕಳೆದುಕೊಳ್ಳುತ್ತಾರೆ. ಎರಡು ಕಡೆ ಕೆಲಸ ಮಾಡುತ್ತಿದ್ದವರು ಎರಡೂ ಕಡೆ ಕೆಲಸ ಹೋದರಷ್ಟೇ ನಿರುದ್ಯೋಗಿಗಳು. ಪರಿಹಾರ ಪಡೆಯುವ ದಿನಗಳಲ್ಲಿ ಇಎಸ್‌ಐ ಆಸ್ಪತ್ರೆಯ ಸೌಲಭ್ಯ ಮುಂದುವರಿಯುತ್ತದೆ, ಅದನ್ನು ಬಿಟ್ಟುಕೊಡಬೇಡಿ.

ಈ 90 ದಿನ ಇಡೀ ಜೀವನಕ್ಕೆ ಒಂದೇ ಸಲ. ಕಾರ್ಖಾನೆ ಕಾನೂನುಬದ್ಧವಾಗಿ ಮುಚ್ಚಿದ್ದರೆ, ರಿಟ್ರೆಂಚ್‌ಮೆಂಟ್ ಆದೇಶ ನಿಮ್ಮ ಕೈಯಲ್ಲಿದ್ದರೆ, ಅಥವಾ ಕೆಲಸಕ್ಕೆ ಸಂಬಂಧವಿಲ್ಲದ ಗಾಯದಿಂದ ಶೇ. 40ಕ್ಕಿಂತ ಕಡಿಮೆಯಿಲ್ಲದ ಶಾಶ್ವತ ಅಂಗವಿಕಲತೆ ಬಂದಿದ್ದರೆ, ಮೊದಲು ರಾಜೀವ್ ಗಾಂಧಿ ಶ್ರಮಿಕ ಕಲ್ಯಾಣ ಯೋಜನೆ ಕೇಳಿ. 2005ರಿಂದ ಇರುವ ಅದರಲ್ಲಿ 24 ತಿಂಗಳವರೆಗೆ ಭತ್ಯೆ ಇದೆ: ಮೊದಲ 12 ತಿಂಗಳು ಸರಾಸರಿ ಸಂಬಳದ ಅರ್ಧ, ನಂತರದ 12 ತಿಂಗಳು ಕಾಲು ಭಾಗ. ಅರ್ಹತೆ ಇರುವವರೂ ಹೆಸರು ಕೇಳಿಲ್ಲದ ಕಾರಣಕ್ಕೆ 90 ದಿನದ್ದನ್ನೇ ತೆಗೆದುಕೊಂಡು ಸುಮ್ಮನಾಗುತ್ತಾರೆ.

ಸೈಬರ್ ಸೆಂಟರಿಗೆ ಹೋಗುವವರು ಅವರ ಫೋನ್ ನಂಬರ್, ಅವರ ಈಮೇಲ್ ಹಾಕಲು ಬಿಡಬೇಡಿ. ಅರ್ಜಿಗೆ ಸರ್ಕಾರಿ ಶುಲ್ಕ ಇಲ್ಲ. ಅವರಿಗೆ ಕೊಡುವುದು ಟೈಪಿಂಗಿನ ಕೂಲಿ ಮಾತ್ರ. ಕೊನೆಗೆ ಬರುವ ಕ್ಲೇಮ್ ಸಂಖ್ಯೆ ಇರುವ ಪುಟ ಪ್ರಿಂಟ್ ಆಗದೆ ಕುರ್ಚಿಯಿಂದ ಏಳಬೇಡಿ. ಹದಿನೈದು ದಿನಗಳೊಳಗೆ ಕ್ಲೇಮ್ ಇತ್ಯರ್ಥ ಮಾಡಬೇಕೆಂದು ನಿಗಮವೇ ಹೇಳಿಕೊಂಡಿದೆ. ಆಗದಿದ್ದರೆ ಮೊದಲು ಶಾಖಾ ವ್ಯವಸ್ಥಾಪಕರಿಗೆ ಲಿಖಿತವಾಗಿ ಬರೆಯಿರಿ, ನಂತರ 1800-11-2526 ಉಚಿತ ಸಂಖ್ಯೆಗೆ ಹೇಳಿ ದೂರಿನ ನಂಬರ್ ಬರೆದುಕೊಳ್ಳಿ. ಅದಕ್ಕೂ ಜಗ್ಗದಿದ್ದರೆ ಕೇಂದ್ರ ಸರ್ಕಾರದ ಸಾರ್ವಜನಿಕ ಕುಂದುಕೊರತೆ ಪೋರ್ಟಲ್. ತಿರಸ್ಕರಿಸಿ ಕಾರಣ ಹೇಳದಿದ್ದರೆ 10 ರೂಪಾಯಿಯ ಆರ್‌ಟಿಐ ಅರ್ಜಿಯಲ್ಲಿ ‘ನನ್ನ ಕ್ಲೇಮ್ ಕಡತದ ಟಿಪ್ಪಣಿ ಪುಟಗಳ ಪ್ರತಿ, ಪ್ರತಿ ವಂತಿಗೆ ಅವಧಿಗೆ ಪರಿಗಣಿಸಿದ ದಿನಗಳ ಸಂಖ್ಯೆ, ಮಾಲೀಕರು ನಮೂದಿಸಿದ ಕಾರಣ’ ಎಂದು ಮೂರೇ ವಿಷಯ ಕೇಳಿ. ಯಾಕೆ ಕೊಟ್ಟಿಲ್ಲ ಎಂದು ಕೇಳಿದರೆ ಉತ್ತರ ಬರುವುದಿಲ್ಲ, ದಾಖಲೆ ಕೇಳಿದರೆ ಬರುತ್ತದೆ.

ಹಾಗೇ ಪಿಎಫ್ ಕಡೆಯೂ ಕಣ್ಣಿಡಿ. ಅಲ್ಲಿ ನಮೂದಾಗುವ ಕೆಲಸ ಬಿಟ್ಟ ದಿನಾಂಕ ಮತ್ತು ಇಎಸ್‌ಐನ ಕೊನೆಯ ಕೆಲಸದ ದಿನ ಒಂದೇ ಇರಬೇಕು. ಮಾಲೀಕರು ಹಾಕದಿದ್ದರೆ ಕೊನೆಯ ವಂತಿಗೆಯಾಗಿ ಎರಡು ತಿಂಗಳ ನಂತರ ನೀವೇ ಹಾಕಬಹುದು, ಆದರೆ ಒಮ್ಮೆ ಹಾಕಿದ್ದನ್ನು ತಿದ್ದುವುದು ಸುಲಭವಲ್ಲ. ನೋಟ್ ಬುಕ್ ನೋಡಿಕೊಂಡು ಹಾಕಿ.

ಎಚ್‌ಆರ್‌ನವರಿಗೆ ಹೇಳುವುದು ಸ್ವಲ್ಪ. ಐದನೆಯ ಅಂಕಣದಲ್ಲಿ ನಿಜ ಬರೆದರೆ ನಿಮ್ಮ ಕಂಪನಿ ಈ ಪರಿಹಾರಕ್ಕೆ ಒಂದು ಪೈಸೆಯನ್ನೂ ಹೆಚ್ಚಾಗಿ ಕೊಡಬೇಕಿಲ್ಲ, ಹಣ ವಿಮಾ ನಿಧಿಯದು. ಹೊಸಬರನ್ನು ಸೇರಿಸಿಕೊಳ್ಳುವಾಗ ಹಳೆಯ ಐಪಿ ನಂಬರ್ ಕೇಳುವುದಕ್ಕೂ ಖರ್ಚಿಲ್ಲ.

ನಿಗಮದ ಅಧಿಕಾರಿಗಳಿಗೆ ನಮ್ಮ ಬೇಡಿಕೆಗಳು ದೊಡ್ಡವಲ್ಲ. ಪ್ರತಿ ತಿಂಗಳು ಸಾಲು ಏರಿದಾಗ ಕಾರ್ಮಿಕರ ಫೋನಿಗೆ ಕನ್ನಡದಲ್ಲಿ ಒಂದು ಎಸ್‌ಎಂಎಸ್ ಹೋಗಲಿ: ಎಷ್ಟು ದಿನ, ಎಷ್ಟು ಸಂಬಳ, ಕೆಲಸ ಬಿಟ್ಟಿದ್ದಾರೆ ಎಂದು ಹಾಕಿದ್ದರೆ ಯಾವ ಕಾರಣ, ಯಾವ ದಿನ. ಬ್ಯಾಂಕುಗಳು ಹತ್ತು ರೂಪಾಯಿಯ ವ್ಯವಹಾರಕ್ಕೆ ಇದನ್ನು ಮಾಡುತ್ತಿವೆ. ಕಾರಣ 2 ದಾಖಲಾದರೆ ಒಪ್ಪುವುದಿಲ್ಲ ಎಂದು ಪೋರ್ಟಲ್‌ನಲ್ಲೇ ತಕರಾರು ಹಾಕಲು ಕಾರ್ಮಿಕರಿಗೆ ಅವಕಾಶ ಇರಲಿ, ತಕರಾರು ಬಂದಾಗ ಮಾಲೀಕರು ರಾಜೀನಾಮೆ ಪತ್ರ ತೋರಿಸಲಿ. ವಂತಿಗೆ ಕಟ್ಟಬೇಕಾಗಿದ್ದರೆ ಸಾಕು ಎಂಬ ನಿಮ್ಮದೇ ನಿಯಮವನ್ನು ಶಾಖಾ ಕಚೇರಿಗಳ ಗೋಡೆಯ ಮೇಲೆ ಬರೆಸಿ. ಮಾಲೀಕರ ಬಾಕಿಯನ್ನು ಮಾಲೀಕರಿಂದ ವಸೂಲು ಮಾಡಿ. ತಿರಸ್ಕರಿಸಿದರೆ ಪ್ರತಿ ಅವಧಿಗೆ ಎಣಿಸಿದ ದಿನಗಳ ಸಮೇತ ಲಿಖಿತ ಕಾರಣ ಕೊಡಿ. ಪೋರ್ಟಲ್‌ನ ಕ್ಲೇಮ್ ಪುಟವನ್ನು ಮೊಬೈಲಿನಲ್ಲಿ ತುಂಬುವಂತೆ ಕನ್ನಡದಲ್ಲಿ ಮಾಡಿ. 2018ರಲ್ಲಿ ಪ್ರಯೋಗವೆಂದು ಶುರುವಾದದ್ದನ್ನು ವಿಸ್ತರಣೆಯ ಮೇಲೆ ವಿಸ್ತರಣೆಯಲ್ಲಿ ನಡೆಸುವ ಬದಲು ಕಾಯಂ ಸೌಲಭ್ಯವೆಂದು ಘೋಷಿಸಿ. ಮೂವತ್ತು ವರ್ಷ ವಂತಿಗೆ ಕಟ್ಟುವ ಕಾರ್ಮಿಕರಿಗೆ ಜೀವನದಲ್ಲಿ ಒಂದೇ ಸಲ ಎಂಬ ಮಿತಿಯನ್ನೂ ತೆಗೆದು, ಪ್ರತಿ ಐದು ವರ್ಷದ ವಂತಿಗೆಗೊಮ್ಮೆ ಈ ಹಕ್ಕು ಮರಳಿ ಸಿಗುವಂತೆ ಮಾಡಿ.

ಇತಿ,
ಕಾರ್ಮಿಕರ ಇಎಸ್‌ಐ, ಪಿಎಫ್ ಅರ್ಜಿಗಳನ್ನು ಬರೆದುಕೊಡುವ ಕೆಲವರು, ಬೆಂಗಳೂರು